ಏರುವ ಭಾರ, ಸವೆದ ಕೀಲು: ಕ್ರಮವೃದ್ಧಿ ಪದ್ಧತಿಯ ಒಂದು ಪರಿಶೀಲನೆ

ಭಾರವನ್ನೆತ್ತಿ ಮೈಬಲವನ್ನು ಬೆಳೆಸಿಕೊಳ್ಳುವ ಅಭ್ಯಾಸ ಈಗ ತರುಣರದೇ ಆಗಿ ಉಳಿದಿಲ್ಲ. ಅರುವತ್ತನ್ನು ದಾಟಿದ ಗಂಡಸರೂ ಹೆಂಗಸರೂ ವ್ಯಾಯಾಮಶಾಲೆಗೆ ಬರುತ್ತಿದ್ದಾರೆ. ಕೆಲವರು ವೈದ್ಯರ ಮಾತಿನಿಂದ, ಕೆಲವರು ಮುಪ್ಪಿನಲ್ಲಿ ಪರಾಧೀನರಾಗಬಾರದೆಂಬ ಹಂಬಲದಿಂದ, ಇನ್ನು ಕೆಲವರು ಯೌವನದಲ್ಲಿ ಹಿಡಿದ ಹವ್ಯಾಸವನ್ನು ಬಿಡಲಾರದೆ. ಆದರೆ ಅಲ್ಲಿ ಅವರ ಕೈಗೆ ಸಿಕ್ಕುವ ಪಾಠಕ್ರಮ ಸಾಮಾನ್ಯವಾಗಿ ಇಪ್ಪತ್ತು ವರ್ಷದ ತರುಣನನ್ನು ಕಣ್ಣಮುಂದಿಟ್ಟುಕೊಂಡು ರಚಿಸಿದುದು. ಮೊಣಕಾಲೋ ಭುಜವೋ ಸೊಂಟವೋ ಮೊದಲೇ ಸವೆದಿರುವ ಸಾಧಕನು ಅದನ್ನು ಅಕ್ಷರಶಃ ಅನುಸರಿಸಿದರೆ ಕೆಲವು ತಿಂಗಳಲ್ಲಿಯೇ ಕೀಲು ಬಾತು ಮನೆಯಲ್ಲಿ ಕೂರುವ ಸಂಭವವುಂಟು. ಹೆದರಿ ಬಿಟ್ಟುಬಿಟ್ಟರೆ ಇದ್ದ ಬಲವನ್ನೂ ಕಳೆದುಕೊಂಡು, ಕುರ್ಚಿಯಿಂದ ಏಳುವುದಕ್ಕೂ ಇನ್ನೊಬ್ಬರ ಕೈಯನ್ನು ಹುಡುಕುವ ಸ್ಥಿತಿಗೆ ಬರುವ ಸಂಭವವುಂಟು. ಈ ಎರಡರ ನಡುವೆ ದಾರಿಯೊಂದು ಇದೆಯೆ, ಇದ್ದರೆ ಅದನ್ನು ಈ ಶಾಸ್ತ್ರದ ಗ್ರಂಥಗಳು ತೋರಿಸಿವೆಯೆ, ತೋರಿಸದಿದ್ದರೆ ಅವು ಎಲ್ಲಿ ಎಡವಿವೆ ಎಂಬುದನ್ನು ಇಲ್ಲಿ ನಾವು ವಿಚಾರಿಸಬೇಕೆಂದಿದ್ದೇವೆ.

ಕ್ರಮವೃದ್ಧಿಯೆಂದರೆ, ಮೈ ಒಗ್ಗಿಕೊಂಡಂತೆಲ್ಲ ಹೊರೆಯನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಹೋಗುವುದು. ಪುರಾತನ ಗ್ರೀಕರ ಜಟ್ಟಿ, ಕ್ರೊಟೋನ ನಗರದ ಮೈಲೋ, ದಿನವೂ ಒಂದು ಕರುವನ್ನು ಹೊರುತ್ತ ಬಂದು ಅದು ಬಲಿತ ಹೋರಿಯಾದಾಗಲೂ ಹೊತ್ತನೆಂಬ ಕಥೆಯನ್ನು ಈ ವಿಷಯದ ಪುಸ್ತಕಗಳು ಮೇಲಿಂದ ಮೇಲೆ ಹೇಳುತ್ತವೆ. ಕಥೆ ಸೊಗಸಾಗಿದೆ, ಆದರೆ ಕರು ಹೊರುವವನ ಮಂಡಿಯನ್ನು ಕೇಳಿಕೊಂಡು ಬೆಳೆಯುವುದಿಲ್ಲ. ನಮ್ಮ ನಾಡಿನ ಅಭ್ಯಾಸ ಬೇರೆ ಬಗೆಯದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪಂದ್ಯವಾಗಿ ಎತ್ತುವ ಸಂಗ್ರಾಣಿ ಕಲ್ಲು ಇದ್ದಷ್ಟೇ ಇರುತ್ತದೆ. ಎತ್ತಿದವನು ಗೆದ್ದ, ಎತ್ತದವನು ಸೋತ. ಗರಡಿಮನೆಯ ದಂಡ ಬಸ್ಕಿಗಳಲ್ಲಿ ಸಾಧಕನ ಮೈಭಾರವೇ ಭಾರ. ಅಲ್ಲಿ ಬೆಳೆಯುವುದು ಎಣಿಕೆ. ಐವತ್ತು ನೂರಾಗುತ್ತದೆ, ನೂರು ಇನ್ನೂರಾಗುತ್ತದೆ. ಗರಡಿಯನ್ನು ಹೊಗಳುವ ಉದ್ದೇಶ ಇಲ್ಲಿ ನಮಗಿಲ್ಲ. ಹಿಮ್ಮಡಿಯವರೆಗೆ ಕುಳಿತು ಏಳುವ ಇನ್ನೂರು ಬಸ್ಕಿ ಸವೆದ ಮಂಡಿಗೆ ಮದ್ದಾಗಲಾರದು. ಆದರೆ ವೃದ್ಧಿಯನ್ನು ತೂಕವೊಂದರಿಂದಲೇ ಅಳೆಯಬೇಕಾಗಿಲ್ಲ ಎಂಬ ಸಂಗತಿ ಆ ಪದ್ಧತಿಯಲ್ಲಿ ಅಡಗಿದೆ. ಅದಕ್ಕೆ ಮುಂದೆ ಮತ್ತೆ ಬರುತ್ತೇವೆ.

ತೂಕವನ್ನು ಕ್ರಮವಾಗಿ ಏರಿಸುವ ಪದ್ಧತಿಗೆ ವೈದ್ಯಶಾಸ್ತ್ರದಲ್ಲಿ ಸ್ಥಾನವನ್ನು ದೊರಕಿಸಿಕೊಟ್ಟವರು ಅಮೆರಿಕದ ಸೈನ್ಯವೈದ್ಯ ಥಾಮಸ್ ಡಿಲೋರ್ಮ್. ಎರಡನೆಯ ಮಹಾಯುದ್ಧದ ಕೊನೆಯ ಭಾಗದಲ್ಲಿ ಅವರು ಷಿಕಾಗೊ ನಗರದ ಗಾರ್ಡಿನರ್ ಸೈನಿಕ ಆಸ್ಪತ್ರೆಯಲ್ಲಿ ಕೆಲಸಮಾಡುತ್ತಿದ್ದರು. ಮಂಡಿಗೆ ಪೆಟ್ಟುಬಿದ್ದು, ತೊಡೆಯೆಲುಬು ಮುರಿದು, ತಿಂಗಳುಗಟ್ಟಲೆ ಮಲಗಿದ್ದ ಸೈನಿಕರ ತೊಡೆಯ ಸ್ನಾಯುಗಳು ಬತ್ತಿಹೋಗಿದ್ದವು. ಹಗುರವಾದ ಚಲನೆಗಳನ್ನು ನೂರಾರು ಸಲ ಮಾಡಿಸುವುದೇ ಆಗಿನ ಚಿಕಿತ್ಸೆಯಾಗಿತ್ತು. ಡಿಲೋರ್ಮ್ ಅದನ್ನು ಬಿಟ್ಟು, ರೋಗಿಯ ಪಾದಕ್ಕೆ ಕಬ್ಬಿಣದ ಪಾದುಕೆಯನ್ನು ಕಟ್ಟಿ, ಅದಕ್ಕೆ ತೂಕವನ್ನು ಸೇರಿಸುತ್ತ, ಕುಳಿತಲ್ಲಿಯೇ ಮೊಣಕಾಲನ್ನು ನೀಡಿಸುವ ಕ್ರಮವನ್ನು ತಂದರು. 1945ರಲ್ಲಿ ಅವರ ಲೇಖನ ಎಲುಬು ಕೀಲುಗಳ ಶಸ್ತ್ರವೈದ್ಯರ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದು ತರುಣರು ತಮ್ಮದೆಂದು ಬೀಗುವ ಈ ವಿದ್ಯೆಗೆ ಶಾಸ್ತ್ರದ ರೂಪ ಬಂದುದು ಕೆಟ್ಟ ಮೊಣಕಾಲುಗಳ ವಾರ್ಡಿನಲ್ಲಿ ಎಂಬುದು ಗಮನಿಸತಕ್ಕ ಸಂಗತಿ.

ಆ ಲೇಖನದ ವಿವರಗಳನ್ನು ಅದರ ವಾರಸುದಾರರು ಮರೆತಷ್ಟು ಬೇಗ ನಾವು ಮರೆಯಬಾರದು. ಡಿಲೋರ್ಮ್ ಅವರು ಭಾರವನ್ನು ಕಾಗದದ ಮೇಲೆ ಮುಂಚಿತವಾಗಿ ನಿಗದಿಮಾಡಲಿಲ್ಲ. ಒಬ್ಬ ರೋಗಿ ಹತ್ತು ಸಲ ಎತ್ತಬಲ್ಲ, ಹನ್ನೊಂದನೆಯ ಸಲ ಎತ್ತಲಾರದ ತೂಕ ಯಾವುದೋ ಅದೇ ಅವನ ಭಾರ. ಅದನ್ನು ವಾರಕ್ಕೊಮ್ಮೆ ಹೊಸದಾಗಿ ಪರೀಕ್ಷಿಸಿ ತಿಳಿಯಬೇಕು. ಅಂದರೆ ಭಾರ ಏರುತ್ತಿದ್ದುದು ಪಂಚಾಂಗ ನೋಡಿ ಅಲ್ಲ, ರೋಗಿಯನ್ನು ನೋಡಿ. ಬಲಗುಂದಿದ ಸ್ನಾಯುವಿಗೆ ಸಹಜವಾದ ಬಲ ಬಹುಮಟ್ಟಿಗೆ ಮರಳುವವರೆಗೂ ಮೈಭಾರ ಹೊರುವ ವ್ಯಾಯಾಮವನ್ನು ಕೊಡಬಾರದೆಂಬ ಎಚ್ಚರಿಕೆಯನ್ನೂ ಅವರು ಅಲ್ಲಿ ಕೊಟ್ಟಿದ್ದಾರೆ. ಮೊದಮೊದಲು ಒಂದು ಸಲಕ್ಕೆ ಎಪ್ಪತ್ತರಿಂದ ನೂರು ಆವೃತ್ತಿಗಳನ್ನು ವಿಧಿಸಿದ್ದವರು, ಸಹೋದ್ಯೋಗಿ ವಾಟ್ಕಿನ್ಸ್ ಅವರೊಡನೆ 1948ರಲ್ಲಿ ಬರೆದ ಲೇಖನದ ಹೊತ್ತಿಗೆ ಅದನ್ನು ಮೂವತ್ತಕ್ಕೆ ಇಳಿಸಿಬಿಟ್ಟರು: ಅರ್ಧ ಭಾರದಿಂದ ಹತ್ತು, ಮುಕ್ಕಾಲು ಭಾರದಿಂದ ಹತ್ತು, ಪೂರ್ಣ ಭಾರದಿಂದ ಹತ್ತು. ಮೂರೇ ವರ್ಷಗಳಲ್ಲಿ ತನ್ನ ಸೂತ್ರವನ್ನು ಅರ್ಧಕ್ಕಿಂತ ಕಡಿಮೆ ಮಾಡಿಕೊಳ್ಳುವ ಧೈರ್ಯ ಎಲ್ಲ ಆಚಾರ್ಯರಿಗೂ ಇರುವುದಿಲ್ಲ. 1951ರಲ್ಲಿ ಆಕ್ಸ್‌ಫರ್ಡಿನ ಜಿನೋವೀಫ್ ಅವರು, ಈ ಕ್ರಮದಲ್ಲಿ ರೋಗಿಗಳು ಭಾರವಾದ ಕೊನೆಯ ಸರದಿಗೆ ಬರುವ ಮೊದಲೇ ದಣಿಯುವುದನ್ನು ಕಂಡು, ಅದನ್ನು ತಲೆಕೆಳಗುಮಾಡಿದರು: ಪೂರ್ಣ ಭಾರದಿಂದ ಆರಂಭಿಸಿ, ದಣಿವು ಹೆಚ್ಚಿದಂತೆ ತೂಕವನ್ನು ಇಳಿಸುತ್ತ ಬರುವುದು. ಪದ್ಧತಿಯ ಬಾಲ್ಯದಲ್ಲಿ ಸೂತ್ರ ರೋಗಿಗೆ ಬಗ್ಗುತ್ತಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ಒಂದು ವಿಷಯದಲ್ಲಿ ಮೂಲವೇ ನಮಗೆ ಸಾಲದಾಗುತ್ತದೆ. ಡಿಲೋರ್ಮ್ ಅವರ ರೋಗಿಗಳು ತರುಣರು. ಅವರ ಮಂಡಿಗೆ ಆದುದು ಗಾಯ. ನಲವತ್ತು ವರ್ಷಗಳ ಸವೆತವಲ್ಲ. ಸ್ನಾಯು ಮರಳಿ ಬಲಿತರೆ ಅವರ ಕೀಲು ಅದರ ಹಿಂದೆ ಬರುತ್ತಿತ್ತು. ಅರುವತ್ತೈದರ ಮಂಡಿಯ ವಿಷಯದಲ್ಲಿ ಈ ಭರವಸೆ ಇಲ್ಲ.

ಮುಂದಿನ ಕಾಲದ ಪಾಠಕ್ರಮಗಳಲ್ಲಿ ಅಂಕಿ ಉಳಿಯಿತು, ಹಾಸಿಗೆಯ ಬಳಿ ನಿಂತ ವೈದ್ಯನು ಮರೆಯಾದನು. ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದೊಂದನ್ನು ತೆಗೆದುಕೊಳ್ಳೋಣ. ಮಾರ್ಕ್ ರಿಪ್ಪಟೋ ಮತ್ತು ಲಾನ್ ಕಿಲ್ಗೋರ್ ಅವರ ‘ಸ್ಟಾರ್ಟಿಂಗ್ ಸ್ಟ್ರೆಂಥ್’ 2005ರಲ್ಲಿ ಹೊರಬಂದಿತು. ವಾರಕ್ಕೆ ಮೂರು ದಿನ ಬಾರ್ಬೆಲ್ ಹೊತ್ತು ಬಸ್ಕಿ, ಐದೈದು ಆವೃತ್ತಿಗಳ ಮೂರು ಸೆಟ್ಟು, ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಸ್ವಲ್ಪ ಹೆಚ್ಚು ಭಾರ: ಇದು ಅದರ ತಿರುಳು. ಬರೆವಣಿಗೆಯಲ್ಲಿ ಸ್ಪಷ್ಟತೆಯಿದೆ, ಚಲನೆಗಳ ವಿವರಣೆ ಶ್ರದ್ಧೆಯಿಂದ ಕೂಡಿದೆ, ಈ ಏರಿಕೆ ಆರಂಭದ ಸಾಧಕನಿಗೆ ಮಾತ್ರವೆಂದು ಗ್ರಂಥವೇ ಹೇಳುತ್ತದೆ. ಆದರೂ ಲೆಕ್ಕವನ್ನು ಹಾಕಿನೋಡಬೇಕು. ಸಲಕ್ಕೆ 2.5 ಕಿಲೋ ಏರಿಸಿದರೆ ವಾರಕ್ಕೆ 7.5 ಕಿಲೋ, ಹನ್ನೆರಡು ವಾರಕ್ಕೆ 90 ಕಿಲೋ. ಒಂದು ದಿನದ ಶ್ರಮದಿಂದ ಎರಡು ದಿನಗಳಲ್ಲಿ ಮೈ ಚೇತರಿಸಿಕೊಂಡು ಮೊದಲಿಗಿಂತ ಬಲವಾಗಿರುತ್ತದೆಂಬ ನಂಬಿಕೆಯೇ ಇದರ ಅಡಿಗಲ್ಲು. ತರುಣನ ಸ್ನಾಯುವಿನ ಮಟ್ಟಿಗೆ ಅದು ಕೆಲವು ತಿಂಗಳು ನಿಜವಾಗಿಯೇ ಇರುತ್ತದೆ. ನಮ್ಮ ಪ್ರಶ್ನೆ, ಮೈಯೆಂದರೆ ಸ್ನಾಯು ಮಾತ್ರವೆ ಎಂಬುದು.

ಈ ವಿಷಯದಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ನಡೆಸಿದ ಒಂದು ಶೋಧನೆ ಮನಸ್ಸನ್ನು ಹಿಡಿಯುವಂಥದು. 1955ರಿಂದ 1963ರವರೆಗೆ ನಡೆದ ಪರಮಾಣು ಬಾಂಬುಗಳ ಪರೀಕ್ಷೆಯಿಂದ ವಾತಾವರಣದಲ್ಲಿ ಇಂಗಾಲ-14 ಬಹಳವಾಗಿ ಹೆಚ್ಚಿತ್ತು. ಅನಂತರ ವರ್ಷವರ್ಷಕ್ಕೂ ಇಳಿಯುತ್ತ ಬಂದಿತು. ದೇಹದ ಒಂದು ಅಂಶದಲ್ಲಿ ಅದು ಎಷ್ಟಿದೆಯೆಂದು ಅಳೆದರೆ ಆ ಅಂಶ ಯಾವ ಕಾಲದಲ್ಲಿ ಕಟ್ಟಲ್ಪಟ್ಟಿತೆಂದು ಹೇಳಬಹುದು. ಹೀಗೆ ಅಳೆದಾಗ, ಹಿಮ್ಮಡಿಯ ಮೇಲಿನ ದಪ್ಪನಾದ ಸ್ನಾಯುರಜ್ಜುವಿನ ಒಳತಿರುಳು ಸುಮಾರು ಹದಿನೇಳನೆಯ ವಯಸ್ಸಿನೊಳಗೆ ಕಟ್ಟಿ ಮುಗಿದು, ಆಮೇಲೆ ಹೊಸದಾಗುವುದೇ ಇಲ್ಲವೆನ್ನುವಷ್ಟು ಕಡಿಮೆಯೆಂದು 2013ರಲ್ಲಿ ಪ್ರಕಟವಾಯಿತು. ಮೊಣಕಾಲಿನ ಮೃದ್ವಸ್ಥಿಯ ತಂತುಗಳ ಸ್ಥಿತಿಯೂ ಇಂಥದೇ ಎಂದು 2016ರಲ್ಲಿ ತಿಳಿದುಬಂದಿತು. ಅದೇ ವೇಳೆಯಲ್ಲಿ ಸ್ನಾಯುವು ಕೆಲವು ವಾರಗಳ ಸಾಧನೆಗೇ ಕಣ್ಣಿಗೆ ಕಾಣುವಷ್ಟು ಪ್ರತಿಫಲವನ್ನು ಕೊಡುತ್ತದೆ. ಮೊದಲ ವಾರಗಳ ಬಲವೃದ್ಧಿಯಂತೂ ಬಹುಪಾಲು ನರಗಳ ಕಲಿಕೆಯಿಂದಲೇ ಬರುತ್ತದೆ. ಒಂದೇ ಮೈಯಲ್ಲಿ ಎರಡು ಪಂಚಾಂಗಗಳು ನಡೆಯುತ್ತಿವೆ: ಸ್ನಾಯುವಿನದು ವಾರಗಳಲ್ಲಿ, ಕೀಲಿನದು ವರ್ಷಗಳಲ್ಲಿ. ಪಾಠಕ್ರಮಗಳು ಮೊದಲನೆಯದನ್ನು ಮಾತ್ರ ನೋಡಿ ಬರೆಯಲ್ಪಟ್ಟಿವೆ. ತರುಣನಲ್ಲಿ ಕೀಲಿನ ಮೂಲಧನ ಅಪಾರವಾಗಿರುವುದರಿಂದ ಈ ತಪ್ಪು ಬಯಲಾಗುವುದಿಲ್ಲ, ಹಿರಿಯನಲ್ಲಿ ಬಯಲಾಗುತ್ತದೆ.

ಇದನ್ನು ಕೇಳಿದ ಕೂಡಲೇ, ಹಾಗಾದರೆ ಭಾರವನ್ನೇ ಬಿಟ್ಟು ನಡೆದಾಡಿಕೊಂಡಿರುವುದು ಮೇಲಲ್ಲವೆ ಎನ್ನುವವರಿದ್ದಾರೆ. ಹಿತೈಷಿಗಳೂ ಮನೆಯವರೂ ಕೊಡುವ ಸಲಹೆ ಸಾಮಾನ್ಯವಾಗಿ ಇದೇ. ಇದನ್ನು ನಾವು ಒಪ್ಪುವುದಿಲ್ಲ. 1990ರಲ್ಲಿ ಫಿಯಾಟರೋನ್ ಮತ್ತು ಸಂಗಡಿಗರು ಬಾಸ್ಟನ್ನಿನ ವೃದ್ಧಾಲಯವೊಂದರಲ್ಲಿ ಸರಾಸರಿ ತೊಂಬತ್ತು ವರ್ಷದ ಹತ್ತು ಮಂದಿಗೆ ಎಂಟು ವಾರ ಭಾರಸಾಧನೆಯನ್ನು ಮಾಡಿಸಿದರು. ಆಟದ ಭಾರವಲ್ಲ, ಅವರವರು ಒಂದು ಸಲ ಎತ್ತಬಲ್ಲ ಗರಿಷ್ಠದ ನೂರಕ್ಕೆ 80ರವರೆಗೆ. ಕೊನೆಯವರೆಗೆ ನಡೆಸಿದವರು ಒಂಬತ್ತು ಮಂದಿ. ತೊಡೆಯ ಬಲ ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತು. ಈ ಅಂಕಿಯನ್ನು ಎಲ್ಲರೂ ಉದಾಹರಿಸುತ್ತಾರೆ. ನಮಗೆ ಅದಕ್ಕಿಂತ ಮುಖ್ಯವಾಗಿ ತೋರಿದುದು ಅದರ ಕೊನೆಯಲ್ಲಿರುವ ಮಾತು: ಸಾಧನೆಯನ್ನು ನಿಲ್ಲಿಸಿದ ನಾಲ್ಕು ವಾರಗಳಲ್ಲಿ ಬಲ ನೂರಕ್ಕೆ 32ರಷ್ಟು ಇಳಿದುಹೋಯಿತು. ವಿಶ್ರಾಂತಿಗೆ ಬೆಲೆಯಿಲ್ಲವೆಂದು ತಿಳಿದವರು ಈ ಅಂಕಿಯನ್ನು ನೋಡಬೇಕು. ಕೀಲಿನ ಮಟ್ಟಿಗೂ ಪೂರ್ಣ ವಿಶ್ರಾಂತಿ ಹಿತವಲ್ಲ. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ಒತ್ತಿದಾಗ ರಸ ಹೊರಬಂದು, ಬಿಟ್ಟಾಗ ಒಳಸೇರುವ ಕ್ರಿಯೆಯಿಂದಲೇ ಅದಕ್ಕೆ ಪೋಷಣೆ. ಒತ್ತಡವೇ ಇಲ್ಲದ ಕೀಲು ಉಪವಾಸವಿರುವ ಕೀಲು. 

ಹಿರಿಯ ಸಾಧಕರಿಗಾಗಿಯೇ ಬರೆದ ಗ್ರಂಥಗಳಲ್ಲಿ ಹೆಚ್ಚು ಕೂಲಂಕಷವಾದುದು ಜೊನಾಥನ್ ಸಲಿವನ್ ಮತ್ತು ಆಂಡಿ ಬೇಕರ್ ಅವರ ‘ದಿ ಬಾರ್ಬೆಲ್ ಪ್ರಿಸ್ಕ್ರಿಪ್ಷನ್’ (2016). ನಲವತ್ತನ್ನು ದಾಟಿದವರೇ ಅದರ ಓದುಗರು. ಸಲಿವನ್ ಸ್ವತಃ ವೈದ್ಯರು. ವ್ಯಾಯಾಮವನ್ನು ಔಷಧದಂತೆ ಪ್ರಮಾಣವರಿತು ಕೊಡಬೇಕೆಂಬುದು ಗ್ರಂಥದ ಹೆಸರಿನಲ್ಲಿಯೇ ಇದೆ. ವಯಸ್ಸಾದವನ ಚೇತರಿಕೆ ನಿಧಾನವೆಂಬುದನ್ನು ಅದು ನೇರವಾಗಿ ಒಪ್ಪಿಕೊಂಡು, ಮಾಡುವ ಕೆಲಸದ ಮೊತ್ತವನ್ನೂ ದಿನಗಳನ್ನೂ ಕಡಿಮೆ ಮಾಡುತ್ತದೆ. ಹಿರಿಯ ಸಾಧಕನು ಕೆಲಸದ ಮೊತ್ತ ಹೆಚ್ಚಾದರೆ ಬಳಲುತ್ತಾನೆ, ಆದರೆ ಭಾರದ ತೀವ್ರತೆ ಕಡಿಮೆಯಾದರೆ ಬಲಗುಂದುತ್ತಾನೆ ಎಂಬುದು ಅದರ ಪ್ರಸಿದ್ಧವಾದ ಸೂತ್ರ. ಆದ್ದರಿಂದ ಎಣಿಕೆಯನ್ನು ಇಳಿಸು, ತೂಕವನ್ನು ಉಳಿಸು ಎಂದಾಗುತ್ತದೆ.

ಒಟ್ಟು ಮೈಯ ಚೇತರಿಕೆಯ ದೃಷ್ಟಿಯಿಂದ ಈ ಸೂತ್ರ ಸಮಂಜಸವಾಗಿಯೇ ಕಾಣುತ್ತದೆ. ಕೀಲು ಗಟ್ಟಿಯಾಗಿರುವ ಅರುವತ್ತರ ವ್ಯಕ್ತಿಗೆ ಇದು ಒಳ್ಳೆಯ ಮಾರ್ಗದರ್ಶಿಯೆನ್ನಲು ನಮಗೆ ಸಂಕೋಚವಿಲ್ಲ. ಆದರೆ ತೊಂದರೆಯಿರುವುದು ಚೇತರಿಕೆಯಲ್ಲಲ್ಲ, ಕೀಲಿನಲ್ಲಿ ಎನ್ನುವವನಿಗೆ ಇದು ತಿರುಗುಮುರುಗಾಗಬಹುದು. ಕೀಲಿನ ಮೇಲೆ ಒಂದು ಕ್ಷಣದಲ್ಲಿ ಬೀಳುವ ಪರಮಾವಧಿ ಒತ್ತಡವನ್ನು ನಿರ್ಧರಿಸುವುದು ತೂಕ, ಮಡಿಕೆಯ ಕೋನ, ಚಲನೆಯ ವೇಗ, ಎಣಿಕೆಯಲ್ಲ. ಎಣಿಕೆಯನ್ನು ಮಾತ್ರ ಇಳಿಸಿದರೆ ಮೈಗೆ ದಣಿವು ಕಡಿಮೆಯಾದೀತು; ಮಂಡಿಚಿಪ್ಪಿನ ಹಿಂದಿನ ಒತ್ತಡ ಇದ್ದಂತೆಯೇ ಇರುತ್ತದೆ. ಬಾರ್ಬೆಲ್ಲಿನ ಮೇಲೆ ಗ್ರಂಥಕರ್ತರಿಗಿರುವ ನಿಷ್ಠೆಯೂ ನಮಗೆ ಸ್ವಲ್ಪ ಅತಿಯೆನಿಸಿತು. ಸಾಧನ ಯಾವುದೆಂಬುದು ತತ್ತ್ವವಲ್ಲ.

ಹಾಗಾದರೆ ಹೆಚ್ಚಿನ ಭಾರ ಸವೆದ ಮಂಡಿಗೆ ಕೆಡುಕೇ ಸರಿಯೆನ್ನೋಣವೆ? ಹಾಗೆಂದು ತೀರ್ಪುಕೊಡಲೂ ಆಧಾರವಿಲ್ಲ. 2021ರಲ್ಲಿ ಮೆಸಿಯರ್ ಮತ್ತು ಸಂಗಡಿಗರು ಅಮೆರಿಕದಿಂದ ಪ್ರಕಟಿಸಿದ ದೊಡ್ಡ ಪ್ರಯೋಗವೊಂದರಲ್ಲಿ ಮಂಡಿ ಸವೆದ 377 ಮಂದಿಯನ್ನು ಮೂರು ಪಂಗಡ ಮಾಡಿ ಹದಿನೆಂಟು ತಿಂಗಳು ನೋಡಿದರು. ಒಂದು ಪಂಗಡಕ್ಕೆ ಗರಿಷ್ಠದ ನೂರಕ್ಕೆ 75ರಿಂದ 90ರ ಭಾರ, ಎರಡನೆಯದಕ್ಕೆ 30ರಿಂದ 40ರ ಹಗುರ ಭಾರ, ಮೂರನೆಯದಕ್ಕೆ ಭಾರಸಾಧನೆಯಿಲ್ಲ, ತಿಳಿವಳಿಕೆಯ ಮಾತು ಮಾತ್ರ. ಮಂಡಿನೋವಿನಲ್ಲಾಗಲಿ ಕೀಲಿನ ಮೇಲಿನ ಒತ್ತಡದಲ್ಲಾಗಲಿ ಭಾರಿ ತೂಕದ ಪಂಗಡಕ್ಕೆ ಗಣನೀಯವಾದ ಮೇಲ್ಮೆ ಕಾಣಲಿಲ್ಲ. ಭಾರದ ಪಕ್ಷಪಾತಿಗಳಿಗೆ ಇದು ನಿರಾಶೆಯ ಸುದ್ದಿ. ಆದರೆ ಭಾರಕ್ಕೆ ಹೆದರುವವರಿಗೂ ಇದರಲ್ಲಿ ಜಯವಿಲ್ಲ, ಏಕೆಂದರೆ ಭಾರಿ ತೂಕದಿಂದ ನೋವು ಗಣನೀಯವಾಗಿ ಹೆಚ್ಚಿತೆಂದೂ ಕಂಡುಬರಲಿಲ್ಲ. ಗಂಭೀರವಲ್ಲದ ಸಣ್ಣಪುಟ್ಟ ತೊಂದರೆಗಳು ಮಾತ್ರ ಭಾರಿ ತೂಕದ ಪಂಗಡದಲ್ಲಿ 53, ಹಗುರದ ಪಂಗಡದಲ್ಲಿ 30 ವರದಿಯಾದವು. ಇನ್ನೊಂದು ಕಡೆಯಿಂದಲೂ ಬೆಳಕು ಬೀಳುತ್ತದೆ. ಕೆನಡದ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದವರು 2012ರಲ್ಲಿ ತರುಣರ ಮೇಲೆ ನಡೆಸಿದ ಪ್ರಯೋಗದಲ್ಲಿ, ನೂರಕ್ಕೆ 30ರ ಭಾರವನ್ನು ಇನ್ನಾಗದೆನ್ನುವವರೆಗೂ ಎತ್ತಿದ ಕಾಲಿನ ಸ್ನಾಯು, ನೂರಕ್ಕೆ 80ರ ಭಾರವನ್ನೆತ್ತಿದ ಕಾಲಿನಷ್ಟೇ ಬೆಳೆಯಿತು. ಗರಿಷ್ಠ ಬಲದಲ್ಲಿ ಮಾತ್ರ ಭಾರದ್ದೇ ಮೇಲುಗೈ. ಇವೆರಡನ್ನೂ ಸೇರಿಸಿ ನೋಡಿದರೆ ಹಿರಿಯ ಸಾಧಕನಿಗೆ ಸಿಕ್ಕುವುದು ಆಜ್ಞೆಯಲ್ಲ, ಸ್ವಾತಂತ್ರ್ಯ. ತೂಕವೇ ಏರಬೇಕೆಂಬ ನಿರ್ಬಂಧವಿಲ್ಲ. ಏರಲೇಬಾರದೆಂಬ ನಿಷೇಧವೂ ಇಲ್ಲ.

ನಮ್ಮ ಪ್ರತಿಪಾದನೆ ಇಷ್ಟು. ಕ್ರಮವೃದ್ಧಿಯ ತತ್ತ್ವವನ್ನು ಹಿರಿಯರಿಗಾಗಿ ಸಡಿಲಿಸಬೇಕಾಗಿಲ್ಲ. ಅದರ ಅಳತೆಗೋಲನ್ನು ಬದಲಾಯಿಸಬೇಕು. ಸಾಧಕನ ಪುಸ್ತಕದಲ್ಲಿ ತೂಕವೆಂಬ ಒಂದೇ ಅಂಕಣವಿದ್ದರೆ ಏರಲು ಅದೊಂದೇ ಮೆಟ್ಟಿಲು. ಆಳ, ಎಣಿಕೆ, ಇಳಿಸುವಿಕೆಯ ನಿಧಾನ ಎಂಬ ಅಂಕಣಗಳನ್ನೂ ಅಲ್ಲಿ ಗೆರೆಹಾಕಿಟ್ಟರೆ, ತೂಕ ನಿಂತಲ್ಲಿಯೇ ನಿಂತಿರುವ ತಿಂಗಳಲ್ಲಿಯೂ ಸಾಧನೆ ಮುಂದೆ ಸಾಗಬಹುದು. ಒಂದು ಸಲಕ್ಕೆ ಒಂದೇ ಅಂಕಣ ಬದಲಾಗಬೇಕು. ತೂಕದ ಸರದಿ ಕೊನೆಯದು. ಗರಡಿಯ ಎಣಿಕೆಯನ್ನು ಮೊದಲಲ್ಲಿ ನೆನೆದುದು ಈ ಕಾರಣದಿಂದ.

ಒಂದು ನಿದರ್ಶನವನ್ನು ಕೊಡುತ್ತೇವೆ. ಒಬ್ಬರ ಅನುಭವ ಪ್ರಮಾಣವಾಗಲಾರದೆಂಬುದನ್ನು ಬಲ್ಲೆವು. ನಮ್ಮ ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರು ಅರುವತ್ತನಾಲ್ಕನೆಯ ವಯಸ್ಸಿನಲ್ಲಿ ಮೇಲೆ ಹೇಳಿದ ತರುಣರ ಪಾಠಕ್ರಮವನ್ನು ಹಿಡಿದರು. ಬರಿಯ ಬಾರ್ಬೆಲ್ಲಿನ 20 ಕಿಲೋದಿಂದ ಆರಂಭಿಸಿ, ವಾರಕ್ಕೆ ಮೂರು ಸಲದಂತೆ 2.5 ಕಿಲೋ ಏರಿಸುತ್ತ, ಏಳನೆಯ ವಾರದ ಕೊನೆಗೆ 70 ಕಿಲೋ ಹೊತ್ತು ಬಸ್ಕಿ ಹಾಕುತ್ತಿದ್ದರು. ಮೊದಲೇ ಸವೆದಿದ್ದ ಎಡಮಂಡಿ ಮಾರನೆಯ ದಿನ ಬಾತುಕೊಂಡಿತು. ಅವರು ಹೇಳಿದ ಮಾತು ಅರ್ಥಗರ್ಭಿತವಾಗಿತ್ತು: ತೊಡೆ ಸೋಲಲಿಲ್ಲ, ಮಂಡಿ ಸೋತಿತು. ಎರಡು ಪಂಚಾಂಗಗಳೆಂದು ನಾವು ಬರೆದುದು ಇದನ್ನೇ. ವೈದ್ಯರಿಗೆ ತೋರಿಸಿ, ಬಾವು ಇಳಿದ ಮೇಲೆ ಅವರು ಮರಳಿ ಆರಂಭಿಸಿದ ಕ್ರಮ ಬೇರೆ. 42.5 ಸೆಂಟಿಮೀಟರ್ ಎತ್ತರದ ಬೆಂಚಿನ ಮೇಲೆ 2.5 ಸೆಂಟಿಮೀಟರ್ ದಪ್ಪದ ಮೂರು ಹಲಗೆಗಳನ್ನಿಟ್ಟು 50 ಮಾಡಿಕೊಂಡರು. 8 ಕಿಲೋದ ಡಂಬೆಲ್ಲನ್ನು ಎದೆಗವುಚಿಕೊಂಡು, ನಾಲ್ಕು ಎಣಿಸುತ್ತ ನಿಧಾನವಾಗಿ ಇಳಿದು, ಹಲಗೆಯನ್ನು ಮುಟ್ಟಿ ಏಳುವುದು. ಎಂಟು ಆವೃತ್ತಿಗಳ ಮೂರು ಸೆಟ್ಟು. ವಾರಕ್ಕೆ ಎರಡೇ ದಿನ. ಎಂಟು ಹನ್ನೆರಡಾಗುವವರೆಗೆ ತೂಕ ಮುಟ್ಟಲಿಲ್ಲ. ಹನ್ನೆರಡಾದ ಮೇಲೆ 10 ಕಿಲೋ, ಮತ್ತೆ ಎಂಟರಿಂದ. ಮೂರು ವಾರ ಮಂಡಿ ತಂಟೆಮಾಡದಿದ್ದರೆ ಮಾತ್ರ ಒಂದು ಹಲಗೆಯನ್ನು ತೆಗೆಯುವುದು. ತೆಗೆದ ವಾರ ತೂಕವನ್ನು ಒಂದು ಹೆಜ್ಜೆ ಇಳಿಸುವುದು. ಯಾವ ಸೆಟ್ಟನ್ನೂ ಇನ್ನಾಗದೆನ್ನುವವರೆಗೆ ಒಯ್ಯದೆ, ಇನ್ನೆರಡು ಮಾಡಬಲ್ಲೆನೆನ್ನುವಾಗಲೇ ನಿಲ್ಲಿಸುವುದು. ಹದಿನಾಲ್ಕು ತಿಂಗಳಲ್ಲಿ ಮೂರು ಹಲಗೆಗಳೂ ಹೋದವು. ತೂಕ 24 ಕಿಲೋ. 70ರ ಮುಂದೆ 24 ಚಿಕ್ಕ ಸಂಖ್ಯೆಯೇ ಹೌದು. ಆದರೆ ಆ 70 ಏಳು ವಾರ ಬಾಳಿತು. ಈ 24 ಇನ್ನೂ ಬಾಳುತ್ತಿದೆ.

ಆಳವನ್ನು ಕಡಿಮೆ ಮಾಡುವುದು ಏಮಾರಿಸಿದಂತೆ ಎಂದು ತರುಣ ಸಾಧಕರು ಮೂಗುಮುರಿಯುವುದುಂಟು. ಇದು ಅರಿವಿಲ್ಲದ ಮಾತು. ಬಸ್ಕಿಯಲ್ಲಿ ಮೊಣಕಾಲು ತೊಂಬತ್ತು ಡಿಗ್ರಿಯತ್ತ ಮಡಿದಂತೆಲ್ಲ ಮಂಡಿಚಿಪ್ಪಿನ ಹಿಂದಣ ಒತ್ತಡ ಏರುತ್ತದೆ. ಕುಳಿತು ಕಾಲನ್ನು ನೀಡುವ ವ್ಯಾಯಾಮದಲ್ಲಿ, ಅಂದರೆ ಡಿಲೋರ್ಮ್ ಅವರ ಪಾದುಕೆಯ ಕ್ರಮದಲ್ಲಿ, ಇದಕ್ಕೆ ವಿರುದ್ಧವಾಗಿ ಕಾಲು ನೆಟ್ಟಗಾಗುವ ಕೊನೆಯ ಭಾಗವೇ ಮಂಡಿಚಿಪ್ಪಿಗೆ ಹೆಚ್ಚು ತ್ರಾಸದಾಯಕ. ಒಂದರಲ್ಲಿ ನೋಯುವ ಮಂಡಿ ಇನ್ನೊಂದರಲ್ಲಿ ನೋಯದಿರಲು ಇದೇ ಕಾರಣ. ನೋಯದ ಭಾಗದಲ್ಲಿ ಬಲವನ್ನು ಗಳಿಸಿ, ನೋಯುವ ಭಾಗದ ಕಡೆಗೆ ಮೆಲ್ಲನೆ ಸಾಗುವುದು ಏಮಾರಿಸುವುದಲ್ಲ. ಆಳವೂ ಒಂದು ಭಾರವೇ.

ನೋವಿನ ವಿಷಯದಲ್ಲಿ ಎರಡು ಅತಿಗಳನ್ನು ನೋಡಿದ್ದೇವೆ. ನೋವಿಲ್ಲದೆ ಲಾಭವಿಲ್ಲವೆನ್ನುವುದು ಒಂದು. ಎಳ್ಳಷ್ಟು ನೋವಾದರೂ ನಿಲ್ಲಿಸಬೇಕೆನ್ನುವುದು ಇನ್ನೊಂದು. ಸ್ವೀಡನ್ನಿನ ಚಿಕಿತ್ಸಕರು ಇವೆರಡರ ನಡುವೆ ಉಪಯುಕ್ತವಾದ ಮಾಪನವೊಂದನ್ನು ರೂಢಿಗೆ ತಂದಿದ್ದಾರೆ. 1997ರಲ್ಲಿ ಥೊಮೀ ಅವರು ಮಂಡಿಚಿಪ್ಪಿನ ನೋವಿಗೂ, 2007ರಲ್ಲಿ ಸಿಲ್ಬರ್ನಾಗೆಲ್ ಮತ್ತು ಸಂಗಡಿಗರು ಹಿಮ್ಮಡಿಯ ಸ್ನಾಯುರಜ್ಜುವಿನ ನೋವಿಗೂ ಇದನ್ನು ಬಳಸಿದರು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟುಕೊಂಡರೆ ಐದರವರೆಗೆ ಸಹಿಸಬಹುದು; ಆದರೆ ಮರುದಿನ ಬೆಳಗ್ಗೆ ಅದು ಇಳಿದಿರಬೇಕು; ವಾರದಿಂದ ವಾರಕ್ಕೆ ಏರಬಾರದು. ಐದು ಎಂಬ ಅಂಕಿಯನ್ನು ಹಿರಿಯರ ಸವೆದ ಕೀಲಿಗೆ ಅನ್ವಯಿಸುವಾಗ ಮೂರಕ್ಕೆ ಇಳಿಸುವುದು ಲೇಸೆಂದು ನಮಗೆ ತೋರುತ್ತದೆ; ಇದು ನಮ್ಮ ಅಭಿಪ್ರಾಯ, ಅವರದಲ್ಲ. ಮರುದಿನ ಬೆಳಗಿನ ಪರೀಕ್ಷೆಯಂತೂ ಅಮೂಲ್ಯವಾದುದು. ಕೀಲು ಉತ್ತರಕೊಡುವುದು ವ್ಯಾಯಾಮಶಾಲೆಯಲ್ಲಲ್ಲ, ಹಾಸಿಗೆಯಿಂದೇಳುವಾಗ. ಸಾಧಕನ ಪುಸ್ತಕದಲ್ಲಿ ಅದಕ್ಕೂ ಒಂದು ಅಂಕಣವಿರತಕ್ಕದ್ದು. ಡಿಲೋರ್ಮ್ ವಾರಕ್ಕೊಮ್ಮೆ ರೋಗಿಯನ್ನು ಪರೀಕ್ಷಿಸುತ್ತಿದ್ದುದಕ್ಕೆ, ವೈದ್ಯನಿಲ್ಲದ ಕಡೆ, ಇದು ಪರ್ಯಾಯ. ಕನ್ನಡಿಗರು ‘ಶಾಂತಲಾ’ ಕಾದಂಬರಿಯ ಕರ್ತೃವೆಂದು ಬಲ್ಲ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸುತ್ತಿದ್ದುದಲ್ಲದೆ ಅಂಚೆಯ ಮೂಲಕವೂ ಅಂಗಸಾಧನೆಯ ಪಾಠಗಳನ್ನು ಕೊಡುತ್ತಿದ್ದರು. ಅಂಚೆಯ ಪಾಠಕ್ಕೂ ಅಚ್ಚಾದ ಗ್ರಂಥಕ್ಕೂ ಇರುವ ತೊಡಕು ಒಂದೇ: ಶಿಷ್ಯನ ಮಂಡಿ ಗುರುವಿನ ಕಣ್ಣಿಗೆ ಬೀಳುವುದಿಲ್ಲ. ಶಿಷ್ಯನೇ ನೋಡಿ ಬರೆದಿಡಬೇಕಾಗುತ್ತದೆ.

ಇತರ ಕೀಲುಗಳ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. ಸೊಂಟ ಬಗ್ಗದವನು ನೆಲದಿಂದಲೇ ಬಾರ್ಬೆಲ್ಲನ್ನು ಎತ್ತಬೇಕೆಂಬ ಶಾಸನವಿಲ್ಲ. ಮರದ ದಿಮ್ಮಿಗಳ ಮೇಲಿಟ್ಟು ಮೊಣಕಾಲಿನ ಮಟ್ಟದಿಂದ ಎತ್ತಬಹುದು, ದಿಮ್ಮಿಗಳನ್ನು ಕಾಲಕ್ರಮದಲ್ಲಿ ತಗ್ಗಿಸಬಹುದು. ಹೆಬ್ಬೆರಳಿನ ಬುಡದ ಕೀಲು ಸವೆದವರಿಗೆ ಹಿಡಿತವೇ ಮೊದಲು ಸೋಲುವುದರಿಂದ, ಮಣಿಕಟ್ಟಿಗೆ ಸುತ್ತಿ ಹಿಡಿಯುವ ಪಟ್ಟಿಯನ್ನು ಬಳಸಲು ನಾಚಬೇಕಾಗಿಲ್ಲ. ಉಸಿರನ್ನು ಬಿಗಿಹಿಡಿದು ಎತ್ತುವಾಗ ರಕ್ತದೊತ್ತಡ ಬಹಳ ಏರುವುದರಿಂದ, ರಕ್ತದೊತ್ತಡದ ತೊಂದರೆಯಿರುವವರು ಎತ್ತುವಾಗ ಉಸಿರನ್ನು ಬಿಡುತ್ತ ಎತ್ತುವುದೇ ಸರಿ. ಬಿಸಿಯೇರಿ ಕೆಂಪಾಗಿ ಬಾತಿರುವ ಕೀಲಾಗಲಿ, ಶಸ್ತ್ರಚಿಕಿತ್ಸೆಯಿಂದ ಬದಲಾಯಿಸಿದ ಕೀಲಾಗಲಿ ಈ ಲೇಖನದ ವ್ಯಾಪ್ತಿಗೆ ಸೇರುವುದಿಲ್ಲ. ಅಲ್ಲಿ ವೈದ್ಯರ ಮಾತೇ ಮೊದಲು.

ಭುಜದ ವಿಷಯ ಮಾತ್ರ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಬಾರ್ಬೆಲ್ ಎರಡು ಕೈಗಳನ್ನೂ ಒಂದೇ ಸಲಾಕೆಗೆ ಕಟ್ಟಿಹಾಕುತ್ತದೆ. ಕೈ ಹೊರಳಲು ಅವಕಾಶವಿಲ್ಲದ್ದರಿಂದ ಭುಜ ತನಗೆ ಹಿತವಾದ ದಾರಿಯನ್ನು ಹುಡುಕಿಕೊಳ್ಳಲಾರದು. ಡಂಬೆಲ್ಲುಗಳನ್ನು ಅಂಗೈಗಳು ಒಂದನ್ನೊಂದು ನೋಡುವಂತೆ ಹಿಡಿದು, ಬೆಂಚಿನ ಬದಲು ನೆಲದ ಮೇಲೆ ಮಲಗಿ ಒತ್ತಿದರೆ ಮೊಣಕೈ ನೆಲಕ್ಕೆ ತಾಗಿ ನಿಲ್ಲುತ್ತದೆ. ಭುಜ ಹಿಂದಕ್ಕೆ ಅತಿಯಾಗಿ ಎಳೆಯಲ್ಪಡುವುದಿಲ್ಲ. ತಲೆಯ ಮೇಲಕ್ಕೆ ಎತ್ತುವಾಗ ಇನ್ನೊಂದು ತೊಡಕು ಬರುತ್ತದೆ. 20 ಕಿಲೋದ ಬಾರ್ಬೆಲ್ಲಿಗೆ ಎರಡು ಕಡೆಯೂ 2.5 ಕಿಲೋದ ಪ್ಲೇಟನ್ನು ಸೇರಿಸಿದರೆ ಭಾರ ಒಂದೇ ಹೆಜ್ಜೆಗೆ ನೂರಕ್ಕೆ 25ರಷ್ಟು ಹೆಚ್ಚಿತು. ಇದನ್ನು ಕ್ರಮವೃದ್ಧಿಯೆಂದು ಕರೆಯುವುದು ಹೇಗೆ? 1.25 ಕಿಲೋದ ಪ್ಲೇಟುಗಳು ಸಿಕ್ಕಿದರೂ ಏರಿಕೆ ನೂರಕ್ಕೆ ಹನ್ನೆರಡೂವರೆ. ಅದಕ್ಕಿಂತ ಚಿಕ್ಕವು ನಮ್ಮ ವ್ಯಾಯಾಮಶಾಲೆಗಳಲ್ಲಿ ಅಪರೂಪ. ಮೇಲೆ ಹೇಳಿದ ಅಧ್ಯಾಪಕರು ಇದಕ್ಕೆ ಕಂಡುಕೊಂಡ ಉಪಾಯವನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. ದಪ್ಪಬಟ್ಟೆಯ ನಾಲ್ಕು ಚಿಕ್ಕ ಚೀಲಗಳನ್ನು ಹೊಲಿಸಿ, ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿ, ಒಂದೊಂದರಲ್ಲಿಯೂ ಕಾಲು ಕಿಲೋ ಮರಳನ್ನು ತುಂಬಿಸಿದರು. ಬಾರ್ಬೆಲ್ಲಿನ ಎರಡು ತುದಿಗೂ ಒಂದೊಂದನ್ನು ಕಟ್ಟಿದರೆ ಅರ್ಧ ಕಿಲೋ; ಎರಡೆರಡನ್ನು ಕಟ್ಟಿದರೆ ಒಂದು ಕಿಲೋ. ತರುಣರು ನಕ್ಕರಂತೆ. ಈಚೆಗೆ ಅವರಲ್ಲೊಬ್ಬನು, ಭುಜಕ್ಕೆ ಏನೋ ನೋವೆಂದು, ಆ ಚೀಲಗಳನ್ನು ಎರಡು ವಾರಕ್ಕೆ ಕೇಳಿ ಪಡೆದುಕೊಂಡು ಹೋದನೆಂದು ತಿಳಿಯಿತು.